ಕಲ್ಲು ಆರಿಸಿದ ಮಣ್ಣು

ಸಯನ್, ಮುಂಬಯಿ
18 ನವೆಂಬರ್ 2024

ಸೋಮನಾಥರಿಗೆ,

…ಇಷ್ಟು ವರ್ಷ ಬಾಣಲೆಗೆ ಎಣ್ಣೆ ಸುರಿದವನಿಗೆ ಅದು ಯಾವ ಮರದ್ದೆಂದು ಗೊತ್ತಿರಬೇಕು ಎಂದೋ, ಗೊತ್ತಿಲ್ಲದಿದ್ದರೆ ನಾಚಿಕೆ ಎಂದೋ, ಅಂಥದ್ದೇನೋ ಅಂದಿದ್ದಿರಿ. ನಾನು ಊಟ ಮುಗಿಸಿ ಕೈ ತೊಳೆಯಲು ಎದ್ದಿದ್ದೆ. ನಿಮ್ಮ ಹೋಟೆಲಿರುವ ಫೋರ್ಟಿನ ಆ ಗಲ್ಲಿಯಲ್ಲಿ ಮಧ್ಯಾಹ್ನದ ಹೊತ್ತು ಯಾರ ಮಾತೂ ಪೂರ್ತಿ ಕೇಳಿಸುವುದಿಲ್ಲ. ಗಿರಾಕಿಗಳನ್ನು ನಗಿಸಲು ಹೇಳುತ್ತಿದ್ದೀರಿ ಎಂದುಕೊಂಡೆ. ಈಗ ನೋಡಿದರೆ ಹೋಟೆಲನ್ನು ಮಗಳು ಶ್ರಾವ್ಯಾಳ ಕೈಗೆ ಕೊಟ್ಟು, ಸಿಂಧುದುರ್ಗದಲ್ಲಿ ಒಂದು ಗುಡ್ಡ ಕೊಂಡು, ಅಲ್ಲಿ ಎಣ್ಣೆತಾಳೆ ನೆಡಲು ಹೊರಟಿದ್ದೀರಿ. ನೆಲ ಆ ಬೆಳೆಗೆ ಯೋಗ್ಯವೇ ಎಂದು ನೋಡಿ ವರದಿ ಕೊಡಲು ಹೇಳಿದ್ದೀರಿ. ವರದಿ ಇಲ್ಲದೆ ನರ್ಸರಿಯವರು ಸಸಿ ಕೊಡುವುದಿಲ್ಲ ಎಂಬುದು ಒಳ್ಳೆಯ ನಿಯಮ.

ನೆಲ ನೋಡಿ ವರದಿ ಬರೆಯುವುದು ನನ್ನ ಕೆಲಸವೆಂದು ನಿಮಗೆ ಗೊತ್ತಿತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನಮ್ಮ ನಡುವೆ ಆದದ್ದು ಸಾರು, ಪಲ್ಯದ ಮಾತು.

ಅವ್ವನ ಸೊಂಟದ ಆಪರೇಷನ್ ಈಗಷ್ಟೇ ಆಗಿದೆ. ಅವಳನ್ನು ಬಿಟ್ಟು ನಾನು ಅಲ್ಲಿಗೆ ಬರಲಾರೆ. ಮೊದಲು ನೀವೇ ಮಣ್ಣು ಕಳಿಸಿ. ಗುಡ್ಡದ ನಾಲ್ಕು ಕಡೆಯಿಂದ ತೆಗೆಯಿರಿ. ಎಲೆ, ಕಡ್ಡಿ, ಕಸ ತೆಗೆದು ನೆರಳಿನಲ್ಲಿ ಒಣಗಿಸಿ ಕಟ್ಟಿ. ಗೋವಾ ಬಸ್ಸಿನವರು ಬೆಳಿಗ್ಗೆ ಸಯನ್ ಸರ್ಕಲ್‌ನಲ್ಲಿ ಪಾರ್ಸೆಲ್ ಇಳಿಸುತ್ತಾರೆ, ಹೋಗಿ ತೆಗೆದುಕೊಳ್ಳುತ್ತೇನೆ. ಅಲ್ಲಿ ಫೋನು ಸಿಗುವುದಿಲ್ಲವೆಂದು ಶ್ರಾವ್ಯಾ ಹೇಳಿದಳು. ಮಣ್ಣಿನ ಜೊತೆ ಎರಡು ಸಾಲು ಬರೆದು ಇಡಿ.

ನಮಿತಾ


ಗುಡ್ಡದಿಂದ
2 ಡಿಸೆಂಬರ್ 2024

ನಮಿತಾ ಮೇಡಂ,

ನಾನು ನಾಚಿಕೆ ಅಂತ ಅಂದದ್ದಲ್ಲ, ಮರ್ಯಾದೆ ಅಂತ ಅಂದದ್ದು. ಎರಡಕ್ಕೂ ಮುಂಬಯಿಯಲ್ಲಿ ಈಗ ಗಿರಾಕಿ ಇಲ್ಲ, ಬಿಡಿ.

ಮಣ್ಣನ್ನು ನಮ್ಮ ಹೋಟೆಲಿನ ಮಿಠಾಯಿ ಡಬ್ಬಿಗಳಲ್ಲಿ ಕಳಿಸಿದ್ದೇನೆ. ಬರುವಾಗ ಒಂದು ಕಟ್ಟು ತಂದಿದ್ದೆ, ಯಾಕೆ ತಂದೆ ಅಂತ ಗೊತ್ತಿರಲಿಲ್ಲ. ನೀವು ಹೇಳಿದ ಹಾಗೆಯೇ ಮಾಡಿದ್ದೇನೆ. ಲ್ಯಾಬಿನವರು ತೆರೆದು ನೋಡಿದರೆ ಸೋಮನಾಥ ಕಳಿಸಿದ್ದು ಅಂತ ಗೊತ್ತಾಗಬೇಕು, ಅಷ್ಟು ಚೊಕ್ಕ ಉಂಟು.

ಗುಡ್ಡದ ಮೇಲೆ ಅಂಗಳದ ಹಾಗೆ ಸಪಾಟು. ಇಲ್ಲಿಯವರು ಸಡಾ ಅನ್ನುತ್ತಾರೆ, ನಮ್ಮ ಊರಿನಲ್ಲಿ ಪದವು. ಹಳೆಯ ಗೇರುಮರಗಳಿವೆ. ಈಗಲೂ ಫಲ ಬಿಡುತ್ತವಂತೆ. ಅವನ್ನು ಕಡಿಯದೆ ತಾಳೆಗೆ ಜಾಗ ಇಲ್ಲ. ತಾಳೆಗೆ ತುಂಬಾ ನೀರು ಬೇಕು ಅಂತ ಓದಿದೆ. ನೀರಾ, ತೆಕ್ಕೊ! ಇಲ್ಲಿ ಮಳೆಗಾಲದಲ್ಲಿ ಎದುರು ನಿಂತವನ ಮುಖ ಕಾಣುವುದಿಲ್ಲ. ಕಾಪುವಿನಲ್ಲಿ ಹುಟ್ಟಿದವನಿಗೆ ಮಳೆಯ ಪಾಠ ಬೇಕಾಗಿಲ್ಲ.

ಯಾಕೆ ಬಂದೆ ಅಂತ ನೀವು ಕೇಳಲಿಲ್ಲ. ಕೇಳದ್ದಕ್ಕೇ ಹೇಳುತ್ತೇನೆ. ಶ್ರಾವ್ಯಾ ಹೋಟೆಲ್ ಚೆನ್ನಾಗಿ ನಡೆಸುತ್ತಾಳೆ. ಅದೇ ನೋಡಿ ತೊಂದರೆ. ದುಡ್ಡು ಫೋನಿನಲ್ಲಿ ಬರುತ್ತದೆ, ಬಿಲ್ಲು ಮಿಷನ್ ಕೊಡುತ್ತದೆ. ಗಲ್ಲಾದಲ್ಲಿ ಕೂತ ನನ್ನನ್ನು ನೋಡಿ ಗಿರಾಕಿ “ಅಂಕಲ್, ಪಾನಿ ಕಿಧರ್ ಹೈ?” ಅಂತ ಕೇಳುತ್ತಾನೆ. ತೋರಿಸುತ್ತೇನೆ. ದಿನವಿಡೀ ಅದೇ ಕೆಲಸ. ಇಲ್ಲಿ ಮರ ನೆಟ್ಟರೆ ಅದಕ್ಕಾದರೂ ನಾನು ಬೇಕಾಗುತ್ತೇನೆ.

ಹೋಟೆಲಿನ ಸುದ್ದಿ ಬರೆಯಬೇಡಿ.

ಸೋಮನಾಥ


ಪರೇಲ್
23 ಡಿಸೆಂಬರ್ 2024

ಸೋಮನಾಥರಿಗೆ,

ಆಫೀಸಿನಿಂದಲೇ ಬರೆಯುತ್ತಿದ್ದೇನೆ. ಲ್ಯಾಬಿನ ಫಲಿತಾಂಶ ಬಂದಿದೆ. ನಿಮ್ಮ ಡಬ್ಬಿಗಳನ್ನು ನೋಡಿ ಅಲ್ಲಿಯವರು ಹಬ್ಬಕ್ಕೆ ತಡವಾಯಿತೆಂದು ತಮಾಷೆ ಮಾಡಿದರಂತೆ.

ಮಣ್ಣು ಒಳ್ಳೆಯದಿದೆ. ಸ್ವಲ್ಪ ಹುಳಿ, ಅದು ತಾಳೆಗೆ ಅಡ್ಡಿಯಲ್ಲ. ಎಲೆಗೊಬ್ಬರದ ಅಂಶ ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು. ಕಲ್ಲಿನ ಅಂಶ ಇಲ್ಲವೆಂದೇ ಬರೆದಿದ್ದಾರೆ. ಕೊಂಕಣದ ಗುಡ್ಡದಲ್ಲಿ ಇದು ಅಪರೂಪ. ಆದರೆ ಅಪರೂಪದ್ದೂ ಇರುತ್ತದೆ. ಮಣ್ಣೊಂದನ್ನೇ ನೋಡಿದರೆ ನಿಮ್ಮ ನೆಲ ಎರಡನೆಯ ದರ್ಜೆಗೆ ಬರುತ್ತದೆ, ಅಂದರೆ ಸಾಕಷ್ಟು ಯೋಗ್ಯ. ಆಳ ಮತ್ತು ನೀರಿನ ಲೆಕ್ಕ ಬಾಕಿ ಇದೆ. ಹಾಗಾಗಿ ಇದು ಅಂತಿಮ ಮಾತಲ್ಲ. ಆದರೂ ಒಳ್ಳೆಯ ಸುದ್ದಿಯನ್ನು ತಡೆದಿಡಲು ನನಗೆ ಮನಸ್ಸಾಗಲಿಲ್ಲ.

ಹೋಟೆಲಿನ ಸುದ್ದಿ ಬೇಡವೆಂದಿದ್ದೀರಿ. ಬರೆಯುವುದಿಲ್ಲ. ಅವ್ವ ವಾಕರ್ ಹಿಡಿದು ಬಾಗಿಲವರೆಗೆ ಬರುತ್ತಾಳೆ, ಬಂದು ವಾಕರನ್ನು ಬಯ್ಯುತ್ತಾಳೆ. ಬೇರೆ ಹೇಳುವಂಥದ್ದೇನೂ ಇಲ್ಲ.

ನಮಿತಾ


ಗುಡ್ಡದಿಂದ
9 ಜನವರಿ 2025

ನಮಿತಾ ಮೇಡಂ,

ಕಾಪುವಿನ ಹುಡುಗ ಪಾಸ್! ಶಾಲೆಯಲ್ಲಿ ಯಾರೂ ನನಗೆ ಎರಡನೆಯ ದರ್ಜೆ ಕೊಟ್ಟಿರಲಿಲ್ಲ.

ಕಲ್ಲು ಇಲ್ಲ ಅಂತ ಲ್ಯಾಬಿನವರಿಗೆ ಆಶ್ಚರ್ಯವಾ? ಇರುವುದು ಹೇಗೆ! ಗುದ್ದಲಿ ಹಾಕಿದರೆ ಕಲ್ಲೇ ಏಳುವುದು, ಕೆಂಪು ಗೋಲಿಯ ಹಾಗೆ, ರಾಶಿ. ನೀವು ಕಸ ತೆಗೆಯಿರಿ ಅಂದಿರಲ್ಲ, ಅಂಗಳದಲ್ಲಿ ಕೂತು ಒಂದೊಂದೇ ಆರಿಸಿದೆ. ಕಡೆಗೆ ಜರಡಿ ಹಿಡಿದೆ. ಕಲ್ಲಿರುವ ಅಕ್ಕಿ ಗಿರಾಕಿಯ ತಟ್ಟೆಗೆ ಹೋಗಬಾರದು ಅಂತ ಮಾಟುಂಗದಲ್ಲಿ ನನ್ನ ಮೊದಲ ಯಜಮಾನ ಕೆನ್ನೆಗೆ ಕೊಟ್ಟು ಕಲಿಸಿದ ವಿದ್ಯೆ. ಈಗ ಆ ವಿದ್ಯೆ ಬೇಡ, ಮಿಷನ್ ಅಕ್ಕಿ ಬರುತ್ತದೆ. ಅದಕ್ಕೇ ಇರಬೇಕು, ಮಣ್ಣು ಆರಿಸುವಾಗ ಬಹಳ ಖುಷಿಯಾಯಿತು. ಇಡೀ ದಿನ ಯಾರೂ ನೀರು ಎಲ್ಲಿ ಅಂತ ಕೇಳಲಿಲ್ಲ.

ನಿಮ್ಮ ಪತ್ರ ತೋರಿಸಿದ್ದಕ್ಕೆ ನರ್ಸರಿಯವರು ನನ್ನ ಹೆಸರಿಗೆ ಸಸಿ ಬರೆದುಕೊಂಡರು. ವರದಿಯನ್ನು ಆಮೇಲೆ ಕೊಟ್ಟರೆ ಆಗುತ್ತದಂತೆ. ಗೇರುಬೀಜ ಹೆಕ್ಕಿ ಮುಗಿದ ಕೂಡಲೇ ಮರ ಕಡಿಯಲು ಜನ ಹೇಳಿದ್ದೇನೆ. ಮಳೆ ಬೀಳುವಾಗ ಸಸಿ ನೆಲದಲ್ಲಿರಬೇಕು.

ಸೋಮನಾಥ


ಸಯನ್
20 ಜನವರಿ 2025

ಸೋಮನಾಥರೇ,

ಮರ ಕಡಿಯುವವರಿಗೆ ಬೇಡವೆಂದು ಹೇಳಿ. ಮಿಕ್ಕದ್ದನ್ನು ಆಮೇಲೆ ಓದಿ.

ನೀವು ಆರಿಸಿ ಎಸೆದ ಕಲ್ಲೇ ನನಗೆ ಬೇಕಾಗಿದ್ದದ್ದು. ಕಸವೆಂದರೆ ಎಲೆ, ಬೇರು. ಕಲ್ಲು ನೆಲದ ಭಾಗ. ಮಣ್ಣಿನಲ್ಲಿ ಅದು ಎಷ್ಟಿದೆ ಎಂಬುದರ ಮೇಲೆ ಬೇರು ಎಷ್ಟು ಆಳ ಇಳಿದೀತು, ನೀರು ಎಷ್ಟು ದಿನ ನಿಂತೀತು ಎಂಬುದು ತಿಳಿಯುತ್ತದೆ. ನೀವು ಕಳಿಸಿದ್ದು ನಿಮ್ಮ ಗುಡ್ಡವನ್ನಲ್ಲ, ನಿಮ್ಮ ಕೆಲಸವನ್ನು. ಲ್ಯಾಬಿನವರು ಪರೀಕ್ಷಿಸಿದ್ದೂ ಅದನ್ನೇ. ಹೋಟೆಲಿನವರಿಗೆ ಹೇಳುತ್ತಿದ್ದೇನೆಂಬುದನ್ನು ನೆನಪಿಟ್ಟುಕೊಂಡು ನಾನು ಬಿಡಿಸಿ ಬರೆಯಬೇಕಿತ್ತು.

ಅವ್ವನಿಗೆ ಓದಿ ಹೇಳಿದೆ. “ಮಣ್ಣ ಹಸನ ಮಾಡ್ಯಾನ? ಅನ್ನ ಮಾಡಾಂವ ಏನ ಅದರದು?” ಎಂದು ಸೊಂಟ ಹಿಡಿದುಕೊಂಡು ನಕ್ಕಳು. ಆಮೇಲೆ, “ಪಾಪ, ನಗಬಾರದು” ಎಂದು ಮತ್ತೆ ನಕ್ಕಳು.

ಎರಡನೆಯ ವಿಷಯ ಮಳೆ. ನೀವು ಎಷ್ಟು ಸುರಿಯುತ್ತದೆ ಎಂದು ನೋಡುತ್ತೀರಿ. ತಾಳೆ ನೋಡುವುದು ಎಷ್ಟು ತಿಂಗಳು ಸುರಿಯುವುದಿಲ್ಲ ಎಂಬುದನ್ನು. ಎರಡು ಮೂರು ತಿಂಗಳ ಒಣಹವೆ ಕಳೆದರೆ ಅದು ಹೂವನ್ನೇ ಬದಲಿಸುತ್ತದೆ: ಹೆಣ್ಣು ಹೂ ಕಡಿಮೆಯಾಗುತ್ತದೆ, ಗೊನೆ ಬರುವುದಿಲ್ಲ. ನಿಮ್ಮ ಗುಡ್ಡದಲ್ಲಿ ನವೆಂಬರಿನಿಂದ ಮೇವರೆಗೆ ಏನು ಬೀಳುತ್ತದೆ? ಸಿಂದಗಿ ಕಡೆಯ ನಾವು ಮಳೆಯನ್ನು ಹಾಗೆಯೇ ಅಳೆಯುವುದು. ಅವ್ವನ ಮಾತಿನಲ್ಲಿ ಹೇಳುವುದಾದರೆ, “ಎಷ್ಟ ಬಂತು ಅಂತ ಅವರ ಕೇಳ್ತಾರ, ಯಾವಾಗ ಹೋತು ಅಂತ ನಾವ ಕೇಳ್ತೀವಿ.” ಸಮುದ್ರದ ಕಡೆಯವರಿಗೆ ಮಳೆಯ ಊರೂ ಒಣಗೀತೆಂದು ಹೊಳೆಯುವುದು ಕಷ್ಟ. ಬೇಸಿಗೆಯಲ್ಲಿ ಪ್ರತಿ ಮರಕ್ಕೂ ದಿನಾ ಒಂದು ಪೀಪಾಯಿ ನೀರು ಬೇಕು. ಬಾವಿ ಇದೆಯೇ?

ಮೂರು ಕಡೆ ಎದೆಮಟ್ಟದ ಗುಂಡಿ ತೆಗೆಸಿ. ಗುಂಡಿಯ ಗೋಡೆಯಲ್ಲಿ ಏನು ಕಾಣುತ್ತದೋ ಅದನ್ನು ಬರೆಯಿರಿ. ಏನನ್ನೂ ಆರಿಸಬೇಡಿ.

ನಮಿತಾ


ಗುಡ್ಡದಿಂದ
3 ಮಾರ್ಚ್ 2025

ನಮಿತಾ ಅವರಿಗೆ,

ಡಿಸೆಂಬರಿನಲ್ಲಿ ಒಳ್ಳೆಯದಿದ್ದ ಮಣ್ಣು ಜನವರಿಯಲ್ಲಿ ಕೆಟ್ಟಿತು. ಹಾಲಾಗಿದ್ದರೆ ನಂಬುತ್ತಿದ್ದೆ.

ಕಳೆದ ವಾರ ಬಸ್‌ಸ್ಟ್ಯಾಂಡಿಗೆ ಇಳಿದು ಶ್ರಾವ್ಯಾಗೆ ಫೋನು ಮಾಡಿದೆ. ನೀವು ಬರೆದದ್ದನ್ನು ಹೇಳಿದೆ. ಹುಡುಗಿ ಸುಮ್ಮನಿರಲಾರದೆ “ಮೈನೇ ಆಂಟಿ ಕೋ ಪೆಹಲೇ ಹೀ ಬೋಲಾ ಥಾ” ಅಂದುಬಿಟ್ಟಳು, ನಿಮಗೆ ಮೊದಲೇ ಹೇಳಿದ್ದಳಂತೆ. ಆಮೇಲೆ ಮಾತು ಬದಲಿಸಿದಳು. ನಾನು ಗಲ್ಲಾದಲ್ಲಿ ಕೂತವನು, ಜನ ಮಾತು ಬದಲಿಸುವುದನ್ನು ನೋಡಿ ಗೊತ್ತುಂಟು.

ಒಂದೇ ಪ್ರಶ್ನೆ. ನನಗೆ ಬರುವುದು ಮಣ್ಣಿನ ವರದಿಯಾ, ಮಗಳ ವರದಿಯಾ? ಮಗಳದ್ದಾದರೆ ನಿಮಗೆ ತೊಂದರೆ ಬೇಡ, ನಮ್ಮ ಮನೆಯಲ್ಲೇ ಸಿಗುತ್ತದೆ.

ಗುಂಡಿ ತೆಗೆಸಲಿಲ್ಲ. ತೆಗೆಸುವುದಿದ್ದರೆ ಸಸಿಗೇ ತೆಗೆಸುತ್ತೇನೆ. ಮರ ಕಡಿಯುವವರು ಯುಗಾದಿ ಕಳೆದು ಬರುತ್ತಾರೆ.

ಸೋಮನಾಥ


ಸಯನ್
10 ಮಾರ್ಚ್ 2025

ಸೋಮನಾಥರೇ,

ಶ್ರಾವ್ಯಾ ಹೇಳಿದ್ದು ನಿಜ. ಡಿಸೆಂಬರಿನಲ್ಲಿ, ಲ್ಯಾಬಿನ ಫಲಿತಾಂಶ ಬರುವ ಮೊದಲು. ಊಟಕ್ಕೆ ಹೋಗಿದ್ದೆ. ಅವಳೇ ಎದುರು ಬಂದು ಕೂತಳು.

“ಆಂಟಿ, ಪಪ್ಪಾ ನಿಮ್ಮ ಮಾತು ಕೇಳ್ತಾರೆ. ಲಿಖ್ ದೋ ನಾ, ಜಮೀನ್ ಬೇಕಾರ್ ಹೈ. ಬಸ್, ವಾಪಸ್ ಆ ಜಾಯೇಂಗೇ.”

“ಜಮೀನು ನೋಡದೆ ಕೆಲಸಕ್ಕೆ ಬಾರದ್ದೆಂದು ಹೇಗೆ ಬರೆಯಲಿ?” ಎಂದೆ.

“ನೋಡಿದ್ ಮೇಲೆ ಬರೀರಿ. ಬಟ್ ಅದೇ ಬರೀರಿ.” ನಕ್ಕಳು, ಆದರೆ ಕಣ್ಣು ನಗಲಿಲ್ಲ. “ಒಬ್ರೇ ಇದ್ದಾರೆ ಆಂಟಿ. ಅಲ್ಲಿ ಏನಾದ್ರೂ ಆದ್ರೆ ನಂಗೆ ಯಾರು ಫೋನ್ ಮಾಡ್ತಾರೆ? ಗೇರುಮರಾ?”

ನಾನು ಆಗುವುದಿಲ್ಲವೆಂದೆ. ಅವಳು ನನ್ನ ಊಟಕ್ಕೆ ಬಿಲ್ಲು ಹಾಕಬೇಡವೆಂದು ಹೇಳಿದಳು, ನಾನು ಕೊಟ್ಟೇ ಬಂದೆ. ಇದನ್ನು ನಿಮಗೆ ಬರೆಯಲಿಲ್ಲ. ತಂದೆ ಮಗಳ ನಡುವೆ ನಾನು ಯಾಕೆ ಎಂದುಕೊಂಡೆ. ನಡುವೆ ಇದ್ದೆ ಎಂಬುದು ಮಾತ್ರ ಈಗ ತಿಳಿಯುತ್ತಿದೆ. ಲ್ಯಾಬಿನವರು ಕಲ್ಲಿಲ್ಲವೆಂದು ಬರೆದಾಗ ಅದು ಸಾಧ್ಯವಿಲ್ಲವೆಂದು ನನಗೆ ಅನ್ನಿಸಿತ್ತು. ಆದರೆ ತಪ್ಪು ಹುಡುಕಿದರೆ ಶ್ರಾವ್ಯಾ ಹೇಳಿದಂತೆ ಹುಡುಕಿದಂತಾಗುತ್ತದೆ ಎನ್ನಿಸಿತು. ಅವಳ ಮಾತಿಗೆ ಬಗ್ಗಬಾರದೆಂದು ನಿಮ್ಮ ಕಡೆಗೆ ವಾಲಿದೆ. ನೆಟ್ಟಗೆ ನಿಂತಿದ್ದೇನೆ ಎಂದೇ ನಂಬಿದ್ದೆ.

ಈಗ ನನ್ನ ವರದಿ ಅವಳಿಗೆ ಬೇಕಾದದ್ದನ್ನೇ ಹೇಳುತ್ತದೆ. ಅದಕ್ಕಾಗಿ ಅದನ್ನು ಬದಲಿಸುವುದಿಲ್ಲ. ನಿಮ್ಮ ಕೋಪಕ್ಕಾಗಿಯೂ ಬದಲಿಸುವುದಿಲ್ಲ. ನೀವು ಕಲ್ಲಿನ ಬಗ್ಗೆ ಬರೆದದ್ದು ಮತ್ತು ಆ ತಾಲ್ಲೂಕಿನ ಮಳೆಯ ದಾಖಲೆ, ಇಷ್ಟರಿಂದ ನನ್ನ ಅಭಿಪ್ರಾಯ ಇದು: ನಾಲ್ಕನೆಯ ದರ್ಜೆ, ಎಣ್ಣೆತಾಳೆಗೆ ಯೋಗ್ಯವಲ್ಲ. ನಿಮ್ಮ ಪತ್ರ ಬಂದ ದಿನವೇ ನರ್ಸರಿಗೆ ಬರೆದಿದ್ದೇನೆ, ಡಿಸೆಂಬರಿನ ಪತ್ರವನ್ನು ವರದಿಯೆಂದು ಹಿಡಿಯಬಾರದೆಂದು.

ನನ್ನನ್ನು ನಂಬಬೇಡಿ. ನಂಬುವ ಅಗತ್ಯವೇ ಇಲ್ಲ. ಸಸಿಗೇ ಗುಂಡಿ ತೆಗೆಯುವುದಾಗಿ ಬರೆದಿದ್ದೀರಿ. ಹಾಗೆಯೇ ಮಾಡಿ, ಸಸಿಗೇ ತೆಗೆಯಿರಿ. ಆದರೆ ಮೊದಲ ಮರಕ್ಕೆ ಕೊಡಲಿ ಬೀಳುವ ಮುಂಚೆ, ಮತ್ತು ನಿಮ್ಮ ಎದೆಯ ಮಟ್ಟಕ್ಕೆ. ಅಷ್ಟು ಹಳೆಯ ಗೇರುಮರ ಬಿದ್ದಮೇಲೆ ಯಾವ ದರ್ಜೆಯ ಮಾತಿನಿಂದಲೂ ಏಳುವುದಿಲ್ಲ.

ನಮಿತಾ


ಗುಡ್ಡದಿಂದ
8 ಏಪ್ರಿಲ್ 2025

ನಮಿತಾ ಮೇಡಂ,

ಮರ ಕಡಿಯುವವರು ಬಂದರು. ಕೊಡಲಿ ಬದಿಗಿಡಿ, ಮೊದಲು ಗುಂಡಿ ತೆಗೆಯಿರಿ ಅಂದೆ. ಮುಖ ಮುಖ ನೋಡಿಕೊಂಡರು. ನಿಮ್ಮನ್ನು ಸುಳ್ಳು ಮಾಡಿಯೇ ಕಡಿಸಬೇಕು ಅಂತ ನನಗೆ ಹಟ. ಒಳ್ಳೆಯ ಜಾಗ ನಾನೇ ತೋರಿಸಿದೆ, ಮಣ್ಣು ಆರಿಸಿದ್ದ ಜಾಗ.

ಮೊಣಕಾಲಿನವರೆಗೆ ಮಣ್ಣು, ಅದರಲ್ಲಿ ಅರ್ಧ ಕಲ್ಲು. ಆಮೇಲೆ ಹಾರೆ ಠಣ್ ಅಂದಿತು. ಇನ್ನೊಂದು ಕಡೆ ತೆಗೆಸಿದೆ. ಅಲ್ಲಿ ಮೊಣಕಾಲೂ ಮುಳುಗಲಿಲ್ಲ. ಮೂರನೆಯದಕ್ಕೆ ನಾನೇ ಹಾರೆ ಹಿಡಿದೆ. ಆ ಹುಡುಗರು ಬೀಡಿ ಸೇದುತ್ತಾ ನೋಡಿದರು. ಒಬ್ಬ “ಶೇಟ್, ವಿಹೀರ್ ಪಾಹಿಜೇ ಕಾ?” ಅಂತ ಕೇಳಿದ, ಬಾವಿ ಬೇಕಾ ಅಂತ. ಮುರಕಲ್ಲು, ಮೇಡಂ. ಇಡೀ ಗುಡ್ಡ ಒಂದೇ ಕಲ್ಲು, ಮೇಲೆ ಒಂದು ಹೊದಿಕೆ ಮಣ್ಣು. ಗೇರಿನ ಬೇರು ಹೇಗೆ ಇಳಿದಿದೆ ಅಂತ ಬಗ್ಗಿ ನೋಡಿದೆ. ಕಲ್ಲಿನ ಬಿರುಕಿನಲ್ಲಿ ಚಪ್ಪಟೆಯಾಗಿ, ಹಾಳೆಯ ಹಾಗೆ ಹೋಗಿದೆ. ತಾಳೆಗೆ ಅಂಥ ಬುದ್ಧಿ ಇಲ್ಲ ಅಂತ ಕಾಣುತ್ತದೆ.

ಬಾವಿ ಉಂಟಾ ಅಂತ ಕೇಳಿದ್ದಿರಿ, ನಾನು ಉತ್ತರಿಸಲಿಲ್ಲ. ಉಂಟು, ಗುಡ್ಡದ ಬುಡದಲ್ಲಿ. ಈಗ ಅದರಲ್ಲಿ ಕೊಡ ಮುಳುಗುವುದಿಲ್ಲ. ಓರೆ ಮಾಡಿ ತುಂಬಿಸಬೇಕು. ಕಾಪುವಿನವನು ಕೊಡ ಓರೆ ಮಾಡಿಕೊಂಡು ನಿಂತಿದ್ದಾನೆ ಅಂತ ನಿಮ್ಮ ತಾಯಿಗೆ ಹೇಳಿ. ಈ ಸಲ ಪೂರ್ತಿ ನಗಲಿ.

ಹುಡುಗರಿಗೆ ಊಟ ಹಾಕಿ ಕಳಿಸಿದೆ. ಮರ ಕಡಿಸಲಿಲ್ಲ, ಕಡಿಸುವುದಿಲ್ಲ. ನರ್ಸರಿಗೂ ಬೇಡ ಅಂದೆ. ಶ್ರಾವ್ಯಾಗೆ ನಾನೇ ಹೇಳಿದೆ. ಖುಷಿಯಲ್ಲಿ ಕಿರುಚಿದಳು, ಆಮೇಲೆ ಸಾರಿ ಅಂದಳು. ಟಿಕೆಟ್ ಯಾವತ್ತಿಗೆ ಮಾಡಲಿ ಅಂದಳು. ನಾನು ಬರುವುದಿಲ್ಲ ಅಂದೆ. ಮತ್ತೆ, “ಫಿರ್ ವಹಾಂ ಕರೋಗೇ ಕ್ಯಾ, ಪಪ್ಪಾ?” ಅಲ್ಲಿ ಏನು ಮಾಡುತ್ತೀರಿ ಅಂತ.

ಅದರ ಉತ್ತರ ನಿಮ್ಮ ವರದಿಯಲ್ಲಿ ಇದ್ದರೆ ಕಳಿಸಿ.

ಮಾರ್ಚಿನಲ್ಲಿ ಬರೆದದ್ದಕ್ಕೆ ಬೇಸರ ಮಾಡಬೇಡಿ.

ಸೋಮನಾಥ


ಸಯನ್
28 ಮೇ 2025

ಸೋಮನಾಥರೇ,

ವರದಿ ಈ ಪತ್ರದ ಜೊತೆಗಿದೆ. ನೀವು ಬರೆದು ಕಳಿಸಿದ ಮೂರು ಗುಂಡಿಗಳ ವಿವರವನ್ನು ನಿಮ್ಮ ಹೆಸರಿನಲ್ಲೇ ಸೇರಿಸಿದ್ದೇನೆ. ಇಷ್ಟು ತಡವಾದದ್ದಕ್ಕೆ ಕಾರಣ ಅವ್ವನಲ್ಲ. ಅವಳು ಈಗ ವಾಕರ್ ಬಿಟ್ಟು ಗೋಡೆ ಹಿಡಿದು ನಡೆಯುತ್ತಾಳೆ. ನಿಮ್ಮ ಕೊಡದ ಸುದ್ದಿಗೆ ಮಾತ್ರ ಅವಳು ನಗಲಿಲ್ಲ. “ಓರೆ ಮಾಡಿದ ಕೊಡ ನೋಡಿ ಯಾರ ನಗತಾರ?” ಎಂದಳು.

ತಡವಾದದ್ದು ನಿಮ್ಮ ಪ್ರಶ್ನೆಯಿಂದ. ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ, ಅದರಲ್ಲಿ ಉತ್ತರವಿಲ್ಲ. ಇರುವಂತೆಯೂ ಇಲ್ಲ. ನಮ್ಮ ಕೆಲಸದಲ್ಲಿ ನೆಲ ಯೋಗ್ಯವೇ ಎಂದು ಯಾರೂ ಕೇಳುವುದಿಲ್ಲ, ಇಂಥ ಬೆಳೆಗೆ ಯೋಗ್ಯವೇ ಎಂದು ಮಾತ್ರ ಕೇಳುತ್ತೇವೆ. ಬೆಳೆಯ ಹೆಸರಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಇಷ್ಟು ವರ್ಷ ಇದನ್ನೊಂದು ಕಛೇರಿಯ ನಿಯಮವೆಂದೇ ಪಾಲಿಸಿದ್ದೆ. ಅದರಲ್ಲಿ ನೆಲದ ಮೇಲೆ ಇಷ್ಟೊಂದು ದಯೆ ಇದೆಯೆಂದು ಗಮನಿಸಿರಲಿಲ್ಲ.

ನಿನ್ನೆ ಫೋರ್ಟಿಗೆ ಹೋಗಿದ್ದೆ. ನೀವು ಬೇಡವೆಂದಿದ್ದರೂ ಬರೆಯುತ್ತೇನೆ. ಮಳೆಯಿಂದ ಲೋಕಲ್ ನಿಂತು ನಿಂತು ಹೋಯಿತು, ಹೋಟೆಲಿನಲ್ಲಿ ಅರ್ಧ ಮೇಜು ಖಾಲಿ. ಶ್ರಾವ್ಯಾ ಬಂದು ಕೂತಳು. ಈ ಸಲ ಏನನ್ನೂ ಬರೆಯಲು ಹೇಳಲಿಲ್ಲ. “ಪಪ್ಪಾ ನನ್ ಮೇಲೆ ಗುಸ್ಸಾ ಮಾಡ್ಕೊಂಡಿಲ್ಲ ಆಂಟಿ, ಅದೇ ಡೇಂಜರ್. ಆರಾಮಾಗಿ ಮಾತಾಡ್ತಾರೆ” ಎಂದಳು. ಮತ್ತೆ, “ನೀವು ಅಲ್ಲಿ ಹೋಗಿ ನೋಡ್ತೀರಾ? ಜಮೀನ್ ಅಲ್ಲ. ಪಪ್ಪಾನ.” ಅವಳು ಮುಖ ಆಚೆ ತಿರುಗಿಸಿದಳು, ಯಾರೋ ಗಿರಾಕಿ ಕರೆದಂತೆ. ಯಾರೂ ಕರೆದಿರಲಿಲ್ಲ.

ಬರುತ್ತೇನೆಂದು ಅವಳಿಗೆ ಹೇಳಿದೆ, ನಿಮಗೂ ಹೇಳುತ್ತಿದ್ದೇನೆ. ಮಳೆ ನಿಂತಮೇಲೆ, ಅಕ್ಟೋಬರಿನಲ್ಲಿ. ಅವ್ವನನ್ನು ನೋಡಿಕೊಳ್ಳಲು ಆಗ ಅಕ್ಕ ಇಲ್ಲಿರುತ್ತಾಳೆ. ನಾನು ಮನುಷ್ಯರನ್ನು ನೋಡಿ ವರದಿ ಕೊಡುವವಳಲ್ಲ, ಗುಡ್ಡವನ್ನೇ ನೋಡುತ್ತೇನೆ. ಮಣ್ಣು ಕೊರೆಯುವ ಸಲಾಕೆ ತರುತ್ತೇನೆ. ಸಡಾದ ಅಂಚಿನಲ್ಲಿ, ಬಾವಿಯ ಮೇಲಿನ ಇಳಿಜಾರಿನಲ್ಲಿ ಮಣ್ಣು ಆಳವಾಗಿರಬಹುದು. ಉಪಗ್ರಹದ ಚಿತ್ರದಲ್ಲಿ ಅಲ್ಲಿ ಜನವರಿಯವರೆಗೂ ಹಸಿರು ಉಳಿದಂತೆ ಕಾಣುತ್ತದೆ. ಚಿತ್ರವನ್ನು ಪೂರ್ತಿ ನಂಬಬೇಡಿ, ಈ ಮಳೆಗಾಲದಲ್ಲಿ ನೀವೇ ನಡೆದು ನೋಡಿ. ನೀರು ಎಲ್ಲಿ ಹರಿದು ಹೋಗುತ್ತದೆ, ಎಲ್ಲಿ ಇಂಗುತ್ತದೆ, ಗೇರಿನ ಯಾವ ಮರ ಉಳಿದವಕ್ಕಿಂತ ಚೆನ್ನಾಗಿದೆ. ಅದು ನನ್ನಿಂದ ಇಲ್ಲಿ ಕೂತು ಆಗುವ ಕೆಲಸವಲ್ಲ, ಅಲ್ಲಿರುವವರೇ ಮಾಡಬೇಕು.

ನಿಮ್ಮ ಗುಡ್ಡಕ್ಕೆ ಹೊಸ ಕಡತ ತೆರೆದಿದ್ದೇನೆ. ತಾಲ್ಲೂಕು, ಎತ್ತರ, ಮಳೆ, ಮಣ್ಣಿನ ಆಳ ಎಲ್ಲವನ್ನೂ ತುಂಬಿಸಿದೆ. ಈ ಸಲ ಕಲ್ಲನ್ನೂ. ಏಪ್ರಿಲ್ ಕಳೆದು ಮೇ ಮುಗಿಯುತ್ತಾ ಬಂತು, ನಿಮ್ಮಿಂದ ಏನಾದರೂ ಬಂತೇ ಎಂದು ಹೋದರೆ ಸಯನ್ ಸರ್ಕಲ್‌ನಲ್ಲಿ ಬಸ್ಸಿನವರು ನನ್ನನ್ನು ನೋಡಿ ಪಾರ್ಸೆಲ್ ಇಲ್ಲವೆಂದು ದೂರದಿಂದಲೇ ಕೈ ಆಡಿಸುತ್ತಾರೆ. ಒಂದು ಜಾಗ ಮಾತ್ರ ಖಾಲಿ ಉಳಿದಿದೆ, ಅದನ್ನು ನಾನು ತುಂಬುವ ಹಾಗಿಲ್ಲ. ಬೆಳೆ ಎಂದಿರುವಲ್ಲಿ ಏನು ಬರೆಯಲಿ, ಸೋಮನಾಥರೇ?

ನಮಿತಾ